ಟೈಮಿಂಗ್ ಮೆಷಿನ್ ರಿಪೇರಿ: ಸತ್ತ ಟ್ರಾನ್ಸಿಸ್ಟರ್, ಅದನ್ನು ಕೊಂದ ಡಯೋಡ್

ಕೊನೆಗೂ ನಿನ್ನೆ ರಾತ್ರಿ ಹಳೇ ಟೈಮಿಂಗ್ ಮೆಷಿನ್ ಕಾಗದದ ಮೇಲೆ ಚುಕ್ಕೆ ಹಾಕಿತು! ಕೈಗಡಿಯಾರದ ಟಿಕ್ ಸದ್ದನ್ನು ಮೈಕ್‌ನಲ್ಲಿ ಹಿಡಿದು, ಪ್ರತಿ ಟಿಕ್‌ಗೂ ಪುಟ್ಟ ಸುತ್ತಿಗೆಯಿಂದ ಕಾಗದಕ್ಕೆ ಬಡಿಯುವ ಯಂತ್ರ ಇದು. ಸಾಲು ನೆಟ್ಟಗೆ ಬಂದರೆ ಗಡಿಯಾರ ಸರಿ ಇದೆ, ಓರೆಯಾದರೆ ಮುಂದೋ ಹಿಂದೋ ಓಡುತ್ತಿದೆ ಅಂತ.

ಶನಿವಾರ ಸ್ವಿಚ್ ಹಾಕಿದ ಕೂಡಲೇ ಸುತ್ತಿಗೆ ಟಪ್ ಅಂತ ಬಡಿದು ಅಲ್ಲೇ ಕಚ್ಚಿಕೊಂಡಿತ್ತು. ಸ್ವಲ್ಪ ಹೊತ್ತಿಗೇ ವಾರ್ನಿಷ್ ಕಾದ ವಾಸನೆ. ತಕ್ಷಣ ಪ್ಲಗ್ ಕಿತ್ತೆ. ಸುತ್ತಿಗೆ ಎಳೆಯುವ ತಂತಿಸುರುಳಿ, ಅಂದರೆ ಕಾಯಿಲ್, 40 ಓಮ್, ಸಪ್ಲೈ 24 ವೋಲ್ಟ್. ಅಂದರೆ 0.6 ಆಂಪಿಯರ್, 14 ವ್ಯಾಟ್‌ಗೂ ಜಾಸ್ತಿ. ಟಿಕ್‌ಗೆ ಕೆಲವೇ ಮಿಲಿಸೆಕೆಂಡ್ ಕೆಲಸ ಮಾಡಬೇಕಾದ ಕಾಯಿಲ್ ಅದು. ಸುಟ್ಟುಹೋಗದೆ ಉಳಿದದ್ದೇ ಹೆಚ್ಚು.

ಅನುಮಾನ ನೇರವಾಗಿ ಸ್ವಿಚ್‌ನಂತೆ ಕಾಯಿಲ್ ಓಡಿಸುವ ಟ್ರಾನ್ಸಿಸ್ಟರ್ ಮೇಲೆ. ಬಿಚ್ಚಿ ತೆಗೆದು ಮೀಟರ್‌ನ ಡಯೋಡ್ ರೇಂಜಿನಲ್ಲಿ ನೋಡಿದೆ. ಕಾಯಿಲ್ ಕರೆಂಟ್ ಹರಿಯುವ ಎರಡು ಕಾಲುಗಳಾದ ಕಲೆಕ್ಟರ್–ಎಮಿಟರ್ ನಡುವೆ ಎರಡೂ ಕಡೆ 0.002. ಪೂರ್ತಿ ಶಾರ್ಟ್. ಹೊಸದನ್ನು ಹಾಕಿ ಮುಗಿಸೋಣ ಅಂತ ಕೈ ಹೋಗಿತ್ತು, ಆದರೆ ಇದು ಸುಮ್ನೆ ಸಾಯೋದಿಲ್ಲ ಅಲ್ವಾ? ಕಾಯಿಲ್‌ಗೆ ಅಡ್ಡಲಾಗಿದ್ದ, ಕರೆಂಟನ್ನು ಒಂದೇ ಕಡೆಗೆ ಬಿಡುವ ಡಯೋಡಿನ ಒಂದು ಕಾಲು ಬಿಡಿಸಿ ನೋಡಿದೆ. ಯಾವ ಕಡೆಗೂ ಓದುವಿಕೆ ಇಲ್ಲ, ಅಂದರೆ ಒಳಗೆ ತುಂಡಾಗಿದೆ. ಭೂತಗನ್ನಡಿಯಲ್ಲಿ ನೋಡಿದರೆ ಮೈಮೇಲೆ ಕೂದಲಿನಷ್ಟು ತೆಳ್ಳಗಿನ ಬಿರುಕು. ಈ ಡಯೋಡ್ ಇಲ್ಲದಿದ್ದರೆ ಕರೆಂಟ್ ನಿಂತ ಕ್ಷಣ ಕಾಯಿಲ್ ನೂರಾರು ವೋಲ್ಟ್ ಎಬ್ಬಿಸಬಹುದು. ಆ ಏಟು ಬೀಳುವುದು ಟ್ರಾನ್ಸಿಸ್ಟರ್ ಮೇಲೆಯೇ. ಮೊದಲು ಡಯೋಡ್ ನೋಡದೆ ಹೊಸದನ್ನು ಕೂರಿಸಿದ್ದರೆ ಅದೂ ಹೋಗುತ್ತಿತ್ತು.

ಬದಲಿಗೆ ಬಿಡಿ139 ಹಾಕಿದೆ. 80 ವೋಲ್ಟ್, 1.5 ಆಂಪಿಯರ್, ಇಲ್ಲಿಗೆ ಧಾರಾಳ. ಟ್ರಾನ್ಸಿಸ್ಟರನ್ನು ಆನ್ ಮಾಡುವ ಕಾಲು ಬೇಸ್. ಅದಕ್ಕೆ ಬರುವ ರೆಸಿಸ್ಟರ್ 470 ಓಮ್, ಸುಮಾರು 50 ಮಿಲಿಆಂಪಿಯರ್ ಕೊಡುತ್ತದೆ. ಟ್ರಾನ್ಸಿಸ್ಟರ್ ಪೂರ್ತಿ ಆನ್ ಆಗಲು ಅಷ್ಟು ಸಾಕು. ಎಚ್ಚರ ಬೇಕಾದದ್ದು ಕಾಲುಗಳ ವಿಷಯದಲ್ಲಿ. ಹಳೆಯದು ದುಂಡನೆಯ ಲೋಹದ ಡಬ್ಬಿ, ನಡುವೆ ಬೇಸ್. ಬಿಡಿ139ರಲ್ಲಿ ನಡುವಿನದು ಕಲೆಕ್ಟರ್. ಕಾಲುಗಳಿಗೆ ಸ್ಲೀವ್ ತೊಡಿಸಿ ಒಂದನ್ನು ಇನ್ನೊಂದರ ಮೇಲೆ ದಾಟಿಸಿದೆ. ಬೆನ್ನಿನ ಲೋಹವೂ ಕಲೆಕ್ಟರೇ, ಹಾಗಾಗಿ ಮೆಷಿನ್‌ನ ಲೋಹದ ಚಾಸಿಗೆ ತಾಗದಂತೆ ಕರೆಂಟ್ ಬಿಡದ ಮೈಕಾ ತುಂಡು ಇಟ್ಟೆ. ಬೋರ್ಡಿನ ತಾಮ್ರ ಹಳೆಯದು, ಬೆಸುಗೆ ಹಾಕುವಾಗ ಒಂದು ಕಡೆ ಎದ್ದೇಬಿಟ್ಟಿತು. ತೆಳುವಾದ ತಂತಿಯಿಂದ ಸೇತುವೆ ಕಟ್ಟಿದೆ. ಡಯೋಡ್ ಜಾಗಕ್ಕೆ 1ಎನ್4007.

ಮೊದಲ ಸಲ ಆನ್ ಮಾಡುವಾಗ ಸಪ್ಲೈಗೆ ಸರಣಿಯಲ್ಲಿ ಬಲ್ಬ್ ಇಟ್ಟಿದ್ದೆ, ಇನ್ನೂ ಶಾರ್ಟ್ ಇದ್ದರೆ ಅದು ಉರಿದು ತೋರಿಸಲಿ ಅಂತ. ಅದು ಉರಿಯಲಿಲ್ಲ. ಸುತ್ತಿಗೆಯೂ ಕಚ್ಚಿಕೊಳ್ಳಲಿಲ್ಲ. ಬಲ್ಬ್ ತೆಗೆದು, ಗಂಟೆಗೆ 18,000 ಬಡಿತದ ಗಡಿಯಾರ ಕೂರಿಸಿದೆ. ಸೆಕೆಂಡಿಗೆ ಐದು ಚುಕ್ಕೆ, ಟಕಟಕ ಅಂತ! ಅರ್ಧ ಗಂಟೆ ಓಡಿಸಿದರೂ ಕಾಯಿಲ್ ಬರೀ ಬೆಚ್ಚಗಿತ್ತು.

ಒಂದರ ಬದಲು ಎರಡು ಸಾಲು ಬಂದಾಗ ಗಾಬರಿಯಾದೆ. ಮೆಷಿನ್ ತಪ್ಪಲ್ಲ, ಆ ಗಡಿಯಾರದ ಟಿಕ್ ಮತ್ತು ಟಾಕ್ ನಡುವಿನ ಅಂತರ ಸಮ ಇಲ್ಲ ಅಷ್ಟೇ. ಇನ್ನು ಮೆಷಿನ್ ಹೋಲಿಸಿ ನೋಡಲು ಬಳಸುವ ಸಮಯದ ಅಳತೆಗೋಲಾದ ಕ್ವಾರ್ಟ್ಸ್ ಹರಳಿನ ಸರದಿ. ದಿನಕ್ಕೆ ಒಂದು ಸೆಕೆಂಡ್ ಅಂದರೆ ಹತ್ತು ಲಕ್ಷಕ್ಕೆ ಸುಮಾರು 11.6 ಭಾಗ. ಹರಳು ಅದಕ್ಕಿಂತ ತುಂಬ ಕರಾರುವಾಕ್ಕಾಗಿ ಇರಬೇಕು. ನಾಳೆ ಅಳೆಯುತ್ತೇನೆ.