ನೆರಳಿನ ನೌಕರಿ ಬೇಕೆಂದು ಬರುವವರಿಗೆ

ಸರ್ಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುವ ನನಗೆ ಎದುರಾಗುವ ಪ್ರಶ್ನೆ ಯಾವಾಗಲೂ ಒಂದೇ. "ಮೇಡಂ, ನಮ್ಮ ಹುಡುಗನ ಡಿಗ್ರಿ ಮುಗಿದಿದೆ. ಬ್ಯಾಂಕಿನಲ್ಲಿ ನೌಕರಿ ಹಿಡಿಯಬೇಕೆಂದರೆ ಏನು ಮಾಡಬೇಕು?" ಮದುವೆಯ ಪಂಕ್ತಿಯಲ್ಲಿ ಕೇಳುತ್ತಾರೆ. ಬೆಳಗ್ಗೆ ಗೋಳಗುಮ್ಮಟದ ಆವರಣದಲ್ಲಿ ನಡೆಯಲು ಹೋದರೆ ಹಿಂದಿನಿಂದ ಓಡಿ ಬಂದು ಕೇಳುತ್ತಾರೆ. ಇತ್ತೀಚೆಗೆ ಹಲ್ಲಿನ ವೈದ್ಯರೊಬ್ಬರು ನನ್ನ ಬಾಯಿಗೆ ಹತ್ತಿ ತುರುಕಿ, ಕೈಯಲ್ಲಿ ಇಕ್ಕಳ ಹಿಡಿದುಕೊಂಡು ತಮ್ಮ ಭಾವಮೈದುನನ ಪರವಾಗಿ ಕೇಳಿದರು. ಅಂದು ಅವರಿಗೆ ಸಿಗದ ಉತ್ತರವನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಇನ್ನು ಮೇಲೆ ಬಾಯಿಬಿಟ್ಟು ಹೇಳುವುದಿಲ್ಲ. ಕೇಳಿದವರ ಮೊಬೈಲ್‌ಗೆ ಇದನ್ನೇ ಕಳಿಸುತ್ತೇನೆ.

ಮೊದಲು ಒಣ ಉತ್ತರ. ಇದಕ್ಕಾಗಿಯಷ್ಟೇ ಬಂದವರು ಇಷ್ಟು ಓದಿ ಎದ್ದು ಹೋಗಬಹುದು. ಸರ್ಕಾರಿ ಬ್ಯಾಂಕುಗಳಿಗೆ ಐಬಿಪಿಎಸ್ ಎಂಬ ಸಿಬ್ಬಂದಿ ಆಯ್ಕೆ ಸಂಸ್ಥೆ ಪರೀಕ್ಷೆ ನಡೆಸುತ್ತದೆ. ಸ್ಟೇಟ್ ಬ್ಯಾಂಕಿನದು ಪ್ರತ್ಯೇಕ. ಯಾವ ಪದವಿಯಾದರೂ ನಡೆಯುತ್ತದೆ, ಬಿ.ಕಾಂ. ಆಗಿರಲೇಬೇಕು ಎಂದು ಯಾರು ಹಬ್ಬಿಸಿದರೋ ಗೊತ್ತಿಲ್ಲ. ಅಧಿಕಾರಿ ಹುದ್ದೆಗೆ ವಯಸ್ಸು 20ರಿಂದ 30, ಗುಮಾಸ್ತ ಹುದ್ದೆಗೆ 20ರಿಂದ 28. ಮೀಸಲಾತಿ ಇರುವವರಿಗೆ ಸಡಿಲಿಕೆ ಉಂಟು. ಗುಮಾಸ್ತರನ್ನು ಈಗ ಕಸ್ಟಮರ್ ಸರ್ವಿಸ್ ಅಸೋಸಿಯೇಟ್ ಎನ್ನುತ್ತಾರೆ. ಹೆಸರು ಉದ್ದವಾಯಿತು, ಅವರ ಕಿಂಡಿಯ ಮುಂದಿನ ಸಾಲು ಗಿಡ್ಡವಾಗಲಿಲ್ಲ. ಪೂರ್ವಭಾವಿ ಪರೀಕ್ಷೆಯಲ್ಲಿ ಒಂದು ಗಂಟೆಗೆ ನೂರು ಪ್ರಶ್ನೆ, ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಕಡಿತ. ಆಮೇಲೆ ಮುಖ್ಯ ಪರೀಕ್ಷೆ. ಅಧಿಕಾರಿಗಳಿಗೆ ಸಂದರ್ಶನವೂ ಇದೆ, ಗುಮಾಸ್ತರಿಗೆ ಇಲ್ಲ. ಇಂಗ್ಲಿಷ್ ವಿಭಾಗ ಬಿಟ್ಟು ಉಳಿದ ಗುಮಾಸ್ತ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. 2021ರಲ್ಲಿ ಕೇಂದ್ರದ ಹಣಕಾಸು ಸಚಿವಾಲಯ ಅದಕ್ಕೆ ಒಪ್ಪಿತು. ಅಧಿಕಾರಿ ಪರೀಕ್ಷೆ ಮಾತ್ರ ಇಂದಿಗೂ ಇಂಗ್ಲಿಷ್ ಮತ್ತು ಹಿಂದಿಯಲ್ಲಿದೆ.

ಇಂಗ್ಲಿಷ್ ಎಂದರೆ ಎದೆ ನಡುಗುವವರು ಗ್ರಾಮೀಣ ಬ್ಯಾಂಕಿನ ಪರೀಕ್ಷೆ ನೋಡಿ. ಅದರ ಪೂರ್ವಭಾವಿಯಲ್ಲಿ ತಾರ್ಕಿಕ ಸಾಮರ್ಥ್ಯ ಮತ್ತು ಗಣಿತ ಎರಡೇ ವಿಭಾಗ. ನಮ್ಮ ಹಿರಿಯರು ಬಿಜಾಪುರ ಗ್ರಾಮೀಣ ಬ್ಯಾಂಕು ಎಂದು ಕರೆಯುತ್ತಿದ್ದದ್ದು 2005ರಲ್ಲಿ ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. 2025ರ ಮೇ 1ರಿಂದ ಅದೂ ಸೇರಿ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕು, ಪ್ರಧಾನ ಕಚೇರಿ ಬಳ್ಳಾರಿಯಲ್ಲಿ. ಹಾಗಾಗಿ "ಗ್ರಾಮೀಣ ಬ್ಯಾಂಕು ಸೇರಿದರೆ ಊರಲ್ಲೇ ಇರಬಹುದಲ್ಲವೇ" ಎಂದು ಕೇಳಬೇಡಿ. ಕರ್ನಾಟಕ ದೊಡ್ಡದಿದೆ.

ಪಗಾರ? ಬ್ಯಾಂಕುಗಳಿಗೂ ನೌಕರರ ಸಂಘಗಳಿಗೂ ನಡುವೆ 2024ರ ಮಾರ್ಚ್ 8ರಂದು ಸಹಿಯಾದ ಒಪ್ಪಂದದ ಪ್ರಕಾರ ಹೊಸ ಅಧಿಕಾರಿಯ ಮೂಲ ವೇತನ 48,480 ರೂಪಾಯಿ, ಗುಮಾಸ್ತರದು 24,050. ಅದರ ಮೇಲೆ ತುಟ್ಟಿಭತ್ಯೆ, ಮನೆಬಾಡಿಗೆ ಭತ್ಯೆ. ನಿಮ್ಮ ಮಾವನವರಿಗೆ ಬರುವಂತಹ ಹಳೆಯ ಪಿಂಚಣಿ 2010ರ ಏಪ್ರಿಲ್ ನಂತರ ಸೇರಿದವರಿಗೆ ಇಲ್ಲ. ಬೀಗತನ ಮಾಡುವವರು ಇದನ್ನು ಗಮನಿಸಬೇಕು.

ಇನ್ನು, ಧ್ವನಿ ತಗ್ಗಿಸಿ ಕೇಳುವ ಪ್ರಶ್ನೆ: "ಎಷ್ಟು ಕೊಡಬೇಕಾಗುತ್ತದೆ?" ಏನೂ ಕೊಡಬೇಕಾಗಿಲ್ಲ. ಕಂಪ್ಯೂಟರ್ ಮುಂದೆ ಕುಳಿತು ಗುಂಡಿ ಒತ್ತುವ ಪರೀಕ್ಷೆ ಅದು. "ನನಗೆ ಮೇಲಿನವರ ಪರಿಚಯವಿದೆ" ಎನ್ನುವವನ ಕೈಗೆ ಹೊಲ ಮಾರಿದ ದುಡ್ಡು ಕೊಟ್ಟು ಆಮೇಲೆ ನನ್ನ ಮೇಜಿನ ಮುಂದೆ ಅಳುವವರನ್ನು ನೋಡಿದ್ದೇನೆ. ಖಾಸಗಿ ಬ್ಯಾಂಕುಗಳಿಗೆ ಕಾಲೇಜಿನಿಂದಲೇ ಸೇರಿಸಿಕೊಳ್ಳುತ್ತಾರೆ, ಕೆಲವೆಡೆ ಕೋರ್ಸಿನ ಶುಲ್ಕ ಕಟ್ಟಿಸಿಕೊಂಡು ಸೇರಿಸಿಕೊಳ್ಳುತ್ತಾರೆ. ಅಲ್ಲಿ ಬೇಗ ಮೇಲೇರಬಹುದು. ಆದರೆ ಮೊದಲ ವರ್ಷಗಳು ಹೆಚ್ಚಾಗಿ ಖಾತೆ ತೆರೆಸುವುದರಲ್ಲಿ ಮತ್ತು ವಿಮೆ ಮಾರುವುದರಲ್ಲಿ ಕಳೆಯುತ್ತವೆ. ಸೇರುವ ಮುನ್ನ ಟಾರ್ಗೆಟ್ ಎಷ್ಟು ಎಂದು ಕೇಳಿ, ಬರಹದಲ್ಲಿ ಕೇಳಿ. ನಗಬೇಡಿ, ನಮ್ಮ ಸರ್ಕಾರಿ ಬ್ಯಾಂಕಿನಲ್ಲಿಯೂ ವಿಮೆ ಮಾರುತ್ತೇವೆ.

ಒಣ ಉತ್ತರ ಮುಗಿಯಿತು. ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ.

ಬಬಲೇಶ್ವರದಲ್ಲಿ ಒಂದು ಮದುವೆ. ಮೇ ತಿಂಗಳು, ಪೆಂಡಾಲಿನ ಕೆಳಗೆ ಕುಳಿತರೂ ನೆತ್ತಿ ಸುಡುತ್ತಿತ್ತು. ಗೋಧಿ ಹುಗ್ಗಿಗೆ ತುಪ್ಪ ಬೀಳುತ್ತಿದ್ದಂತೆ ಪಕ್ಕದಲ್ಲಿ ಕುಳಿತಿದ್ದ ದೂರದ ಸಂಬಂಧದ ಕಾಕಾ ಶುರು ಮಾಡಿದರು. "ನೀನು ಪುಣ್ಯವಂತೆ ಬಿಡು ತಂಗಿ. ಮೇಲೆ ಫ್ಯಾನು, ಕೆಳಗೆ ಕುರ್ಚಿ, ತಿಂಗಳಿಗೊಮ್ಮೆ ಪಗಾರ. ನಮ್ಮ ಹುಡುಗನನ್ನೂ ಒಂದು ನೆರಳಿಗೆ ಹಚ್ಚು." ಹುಡುಗ ಅವರ ಆಚೆ ಬದಿಗೆ ಕುಳಿತು ಎಡಗೈಯಲ್ಲಿ ಮೊಬೈಲ್ ಉಜ್ಜುತ್ತಿದ್ದ. ಬಿ.ಕಾಂ. ಮುಗಿಸಿದ್ದ. ಊಟದ ನಡುವೆ ಪರೀಕ್ಷೆ ಮಾಡಬಾರದು ಎಂಬುದು ನನಗೂ ಗೊತ್ತು, ಆದರೂ ಕೇಳಿದೆ: "ಬ್ಯಾಂಕು ಸಾಲ ಕೊಡುತ್ತದಲ್ಲ, ಆ ದುಡ್ಡು ಅದಕ್ಕೆ ಎಲ್ಲಿಂದ ಬರುತ್ತದೆ?"

"ಸರ್ಕಾರ ಕೊಡುತ್ತದೆ" ಎಂದ.

ಕಾಕಾ ಹೆಮ್ಮೆಯಿಂದ ನನ್ನ ಮುಖ ನೋಡಿದರು. ನಾನು ಹೇಳಿದೆ, "ಅಲ್ಲ ಕಾಕಾ. ನೀವು ನಮ್ಮಲ್ಲಿ ಇಟ್ಟಿದ್ದೀರಲ್ಲ ಠೇವಣಿ, ಅದೇ ದುಡ್ಡು. ನಿಮಗೆ ಕಡಿಮೆ ಬಡ್ಡಿ ಕೊಡುತ್ತೇವೆ, ಸಾಲ ಒಯ್ದವರಿಂದ ಹೆಚ್ಚು ಬಡ್ಡಿ ತೆಗೆದುಕೊಳ್ಳುತ್ತೇವೆ. ನಡುವಿನ ಅಂತರದಲ್ಲಿ ನನ್ನ ಪಗಾರ." ಕಾಕಾನ ಕೈಯಲ್ಲಿದ್ದ ಹುಗ್ಗಿಯ ತುತ್ತು ಅಲ್ಲೇ ನಿಂತಿತು. "ನನ್ನ ಠೇವಣಿಯನ್ನು ಬೇರೆಯವರಿಗೆ ಕೊಟ್ಟಿದ್ದೀರಾ? ಯಾರಿಗೆ?" ಸೋಮವಾರ ಬೆಳಗ್ಗೆ ಶಾಖೆಯ ಬಾಗಿಲು ತೆರೆಯುವ ಮೊದಲೇ ಬಂದು ನಿಂತಿದ್ದರು. ಐದು ಲಕ್ಷ ರೂಪಾಯಿವರೆಗೆ ಠೇವಣಿಗೆ ವಿಮೆ ಇದೆ, 2020ರ ಫೆಬ್ರವರಿಯಿಂದ ಮಿತಿ ಒಂದು ಲಕ್ಷದಿಂದ ಐದಕ್ಕೆ ಏರಿದೆ ಎಂದು ತಿಳಿಸಿ ಚಹಾ ಕುಡಿಸಿ ಕಳಿಸಿದೆ. ಮಗನ ನೌಕರಿಯ ಮಾತು ಅಂದು ಬರಲಿಲ್ಲ.

ನೆರಳಿನ ಮಾತಿಗೆ ಬರುತ್ತೇನೆ. ಬಿಸಿಲಿನಲ್ಲಿ ದ್ರಾಕ್ಷಿ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮಾಡುವವರ ಎದುರು ನನ್ನ ಕೆಲಸ ಕಷ್ಟದ್ದು ಎಂದು ಹೇಳುವಷ್ಟು ನಾಚಿಕೆಗೇಡಿ ನಾನಲ್ಲ. ಫ್ಯಾನು ಇದೆ, ಒಪ್ಪಿದೆ. ಆದರೆ ಫ್ಯಾನಿನ ಕೆಳಗೆ ಏನು ನಡೆಯುತ್ತದೆ ಎಂದು ಯಾರಾದರೂ ಒಮ್ಮೆ ಕೇಳಬಾರದೇ? ಸಂಜೆ ನಗದು ತಾಳೆಯಾಗುವವರೆಗೆ ಕ್ಯಾಷಿಯರ್ ಏಳುವಂತಿಲ್ಲ, ಐನೂರು ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು. ಖೋಟಾ ನೋಟು ಒಂದೇ ಸಿಕ್ಕರೂ ಮುದ್ರೆ ಒತ್ತಿ ಇಟ್ಟುಕೊಂಡು ರಸೀದಿ ಕೊಡಬೇಕು. ಒಂದೇ ವ್ಯವಹಾರದಲ್ಲಿ ಐದು ಸಿಕ್ಕರೆ ಪೊಲೀಸರಿಗೆ ದೂರು. ನೋಟು ತಂದವನು ಪರಿಚಯದವನೇ ಆಗಿರುತ್ತಾನೆ, "ಮರಳಿ ಕೊಟ್ಟುಬಿಡಿ, ಬೇರೆ ಕಡೆ ದಾಟಿಸುತ್ತೇನೆ" ಎಂದು ಎಲ್ಲರೆದುರು ಜಗಳ ತೆಗೆಯುತ್ತಾನೆ. ಕಬ್ಬಿಣದ ಕೋಣೆಗೆ ಎರಡು ಕೀಲಿ, ಇಬ್ಬರ ಬಳಿ ಒಂದೊಂದು. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರಿಗೂ ತಲೆನೋವು. ನನ್ನ ಮೊದಲ ಶಾಖೆ ಲಾತೂರ್ ಜಿಲ್ಲೆಯಲ್ಲಿತ್ತು. ಅಜ್ಜಿಯ ಮನೆ ಗಡಿಯಾಚೆ ಇದ್ದದ್ದರಿಂದ ಮರಾಠಿ ಬರುತ್ತಿತ್ತು, ಬಚಾವಾದೆ. ಅಧಿಕಾರಿಯ ನೌಕರಿ ಎಂದರೆ ದೇಶದ ಯಾವ ಮೂಲೆಗಾದರೂ ವರ್ಗ.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಯಾರಿಗೆ ಸಾಲ ಕೊಡಬೇಕು, ಯಾರಿಗೆ ಕೊಡಬಾರದು ಎಂಬುದನ್ನು ಎಲ್ಲಿ ಕಲಿಯುತ್ತೀರಿ? ಬ್ಯಾಂಕಿನ ವ್ಯಾಪಾರವೇ ಅದು. ಉಳಿದದ್ದೆಲ್ಲ ಅದರ ಸುತ್ತಲಿನ ಓಡಾಟ. ಆದರೆ ಧಾರವಾಡದಲ್ಲಿ ಕೋಚಿಂಗ್‌ಗೆ ಕೊಠಡಿ ಹುಡುಕುವ ಯಾವ ಹುಡುಗನೂ ಇದನ್ನು ಕೇಳಿಲ್ಲ, ಅವನ ತಂದೆಯೂ ಕೇಳಿಲ್ಲ.

ಕಲಿತದ್ದು ಪುಸ್ತಕದಿಂದ ಸ್ವಲ್ಪ. ಜೆಎಐಐಬಿ ಎಂಬ ಪರೀಕ್ಷೆ ಇದೆ. 1928ರಲ್ಲಿ ಹುಟ್ಟಿದ ಬ್ಯಾಂಕರುಗಳ ಸಂಸ್ಥೆ ಅದನ್ನು ನಡೆಸುತ್ತದೆ, ಪಾಸಾದರೆ ವೇತನ ಬಡ್ತಿ ಸಿಗುತ್ತದೆ. ನಿಯಮಗಳು ಅಲ್ಲಿ ಗೊತ್ತಾಗುತ್ತವೆ. ಸಣ್ಣ ಉದ್ದಿಮೆದಾರನ ವರ್ಷದ ವಹಿವಾಟು ಎಷ್ಟಾಗಬಹುದು ಎಂದು ಅಂದಾಜು ಮಾಡಿ ಅದರ ಶೇಕಡಾ 20ರಷ್ಟನ್ನು ದುಡಿಯುವ ಬಂಡವಾಳವಾಗಿ, ಅಂದರೆ ದಿನದಿನದ ವ್ಯಾಪಾರದ ಖರ್ಚಿಗೆ, ಕೊಡಬಹುದು ಎಂಬುದು ರಿಸರ್ವ್ ಬ್ಯಾಂಕ್ ನೇಮಿಸಿದ್ದ ನಾಯಕ್ ಸಮಿತಿಯ ಸೂತ್ರ. ಕಂತು ಅಥವಾ ಬಡ್ಡಿ 90 ದಿನ ಮೀರಿ ಬಾಕಿ ಉಳಿದರೆ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲದ ಲೆಕ್ಕಕ್ಕೆ. ಬೆಳೆಸಾಲಕ್ಕೆ ಮಾತ್ರ ದಿನಗಳ ಬದಲು ಬೆಳೆಯ ಹಂಗಾಮು ಲೆಕ್ಕ. ಇದನ್ನೆಲ್ಲ ಬಾಯಿಪಾಠ ಮಾಡಬಹುದು.

ಬಾಯಿಪಾಠ ಮಾಡಲಾಗದ್ದನ್ನು ನಾನು ನೋಡಿದ್ದು ಒಂದು ಕೋಲ್ಡ್ ಸ್ಟೋರೇಜಿನಲ್ಲಿ. ಒಣದ್ರಾಕ್ಷಿ ವ್ಯಾಪಾರಿಯೊಬ್ಬರು ಕ್ಯಾಶ್ ಕ್ರೆಡಿಟ್ ಮಿತಿ ಹೆಚ್ಚಿಸಿ ಎಂದು ಅರ್ಜಿ ಹಾಕಿದ್ದರು. ಈ ಸಾಲದಲ್ಲಿ ಸರಕು ಎಷ್ಟಿದೆಯೋ ಅಷ್ಟಕ್ಕೆ ತಕ್ಕಂತೆ ದುಡ್ಡು ತೆಗೆಯಬಹುದು. ಸಾಮಾನ್ಯವಾಗಿ ನೂರು ರೂಪಾಯಿ ಸರಕಿಗೆ ಎಪ್ಪತ್ತೈದು, ಉಳಿದ ಇಪ್ಪತ್ತೈದು ವ್ಯಾಪಾರಿಯದೇ ಇರಬೇಕು. ಪ್ರತಿ ತಿಂಗಳು ಸರಕಿನ ಪಟ್ಟಿ ಕೊಡಬೇಕು. ಇವರ ಪಟ್ಟಿ ಅಚ್ಚುಕಟ್ಟಾಗಿತ್ತು, ಜಿಎಸ್‌ಟಿ ಕಾಗದ ಸರಿಯಾಗಿತ್ತು, ಹಿಂದಿನ ಸಾಲ ಹೇಗೆ ತೀರಿಸಿದ್ದಾರೆ ಎಂದು ತೋರಿಸುವ ಸಿಬಿಲ್ ಅಂಕವೂ ಚೆನ್ನಾಗಿತ್ತು. ನಮ್ಮ ಅಂದಿನ ಮ್ಯಾನೇಜರ್ ನನ್ನನ್ನು ಕರೆದುಕೊಂಡು ಸರಕು ನೋಡಲು ಹೋದರು. ಒಳಗೆ ಪೆಟ್ಟಿಗೆಗಳು ಚಾವಣಿಯವರೆಗೆ. ನಾನು ಸಾಲುಗಳನ್ನು ಎಣಿಸಿದೆ, ಪಟ್ಟಿಗೆ ತಾಳೆಯಾಯಿತು. ಮ್ಯಾನೇಜರ್ ಎಣಿಸಲಿಲ್ಲ. ಹೊರಗೆ ಬೀಡಿ ಹಚ್ಚುತ್ತಿದ್ದ ಹಮಾಲರ ಪಕ್ಕ ಕುಳಿತು ಈ ಸಲ ತಾಸಗಾಂವದ ಒಣದ್ರಾಕ್ಷಿ ಪೇಟೆಯಲ್ಲಿ ದರ ಹೇಗಿದೆ ಎಂದು ಮಾತಿಗೆ ತೆಗೆದರು. ಸ್ವಲ್ಪ ಹೊತ್ತಿನಲ್ಲಿ ಹಮಾಲನೊಬ್ಬ ತಾನಾಗಿಯೇ ಹೇಳಿದ: "ಆ ಎಡಗಡೆಯದೆಲ್ಲ ತಿಕೋಟಾ ರೈತರದು, ಸಾಹೇಬರೇ. ದರ ಬಂದಾಗ ಮಾರಿಕೊಡಿ ಎಂದು ಸೇಠರ ಹತ್ತಿರ ಇಟ್ಟು ಹೋಗಿದ್ದಾರೆ."

ಅಂದರೆ ಅರ್ಧ ಸರಕಿಗೆ ಅವರು ದಲಾಲಿ ಮಾತ್ರ, ಮಾಲೀಕರಲ್ಲ. ಪಟ್ಟಿಯಲ್ಲಿ ಅದೂ ಸೇರಿತ್ತು. ಮೋಸವೇ ಎಂದರೆ, ಅವರ ಮನಸ್ಸಿನಲ್ಲಿ ಅದು ಮೋಸವಾಗಿರಲಿಲ್ಲ. ಗೋದಾಮಿನಲ್ಲಿದ್ದದ್ದೆಲ್ಲ ತಮ್ಮ ವ್ಯಾಪಾರ ಎಂದು ನಂಬಿದ್ದರು. ಆದರೆ ರೈತರ ದ್ರಾಕ್ಷಿಯ ಮೇಲೆ ಸೇಠರಿಗೆ ಸಾಲ ಕೊಡಲು ಬರುವುದಿಲ್ಲ. ಮ್ಯಾನೇಜರ್ ಕೂಗಾಡಲಿಲ್ಲ, ಅರ್ಜಿಯನ್ನು ಹರಿದೂ ಹಾಕಲಿಲ್ಲ. ಖಾತೆಯಲ್ಲಿ ವರ್ಷದುದ್ದಕ್ಕೂ ಜಮೆಯಾದ ದುಡ್ಡನ್ನು ತಿಂಗಳುವಾರು ಬರೆಸಿದರು. ಮಾರಾಟ ಎಷ್ಟು ಎಂಬುದು ಅಲ್ಲಿ ಕಾಣುತ್ತದೆ. ಅದಕ್ಕೆ ತಕ್ಕಂತೆ, ಕೇಳಿದ್ದಕ್ಕಿಂತ ಬಹಳ ಕಡಿಮೆ, ಮಿತಿ ಹೆಚ್ಚಿಸಿದರು. ಸೇಠರು ಬೇಸರ ಮಾಡಿಕೊಂಡರು, ಖಾತೆ ಬಿಟ್ಟು ಹೋಗಲಿಲ್ಲ. ಇದನ್ನು ಯಾವ ಕೋಚಿಂಗ್ ಕಲಿಸುತ್ತದೆ, ಹೇಳಿ.

ಸಾಲ ಯಾರಿಗೆ, ಯಾಕೆ ಎಂಬ ಪ್ರಶ್ನೆಯನ್ನು ನನಗೆ ಒಬ್ಬಳು ಕೇಳಿದ್ದಾಳೆ. ಇಂಡಿ ಕಡೆಯ ಹುಡುಗಿ, ಬಿ.ಕಾಂ. ಕೊನೆಯ ವರ್ಷ. ಗೃಹಲಕ್ಷ್ಮಿಯ ಎರಡು ಸಾವಿರ ಬಂದಿಲ್ಲ ಎಂದು ತಾಯಿಯನ್ನು ಕರೆದುಕೊಂಡು ಬಂದಿದ್ದಳು. ಅವರಿಗಿಂತ ಮುಂದಿದ್ದ ರೈತರೊಬ್ಬರಿಗೆ ನಾನು ಸಾಲ ಇಲ್ಲ ಎಂದು ಹೇಳಿ ಕಳಿಸಿದ್ದನ್ನು ಕೇಳಿಸಿಕೊಂಡಿದ್ದಳು. "ಅವರಿಗೆ ಎಂಟು ಎಕರೆ ಇದೆ ಎಂದರಲ್ಲ ಮೇಡಂ, ಆದರೂ ಯಾಕೆ ಕೊಡಲಿಲ್ಲ?"

ಅವರ ವಿಷಯ ನಿನಗೆ ಹೇಳುವಂತಿಲ್ಲ ಎಂದೆ. ನೌಕರಿಗೆ ಸೇರುವಾಗಲೇ ಗೌಪ್ಯತೆಯ ಘೋಷಣೆಗೆ ಸಹಿ ಹಾಕಿರುತ್ತೇವೆ. ಆದರೆ ಯಾವುದೇ ಎಂಟು ಎಕರೆಯ ಬಗ್ಗೆ ಹೇಳಬಹುದಲ್ಲ. ಉತಾರದಲ್ಲಿ, ಅಂದರೆ ಹೊಲದ ಪಹಣಿಯಲ್ಲಿ, ಒಬ್ಬನ ಹೆಸರಿದೆಯೋ ನಾಲ್ವರು ಅಣ್ಣತಮ್ಮಂದಿರದು ಜಂಟಿಯಾಗಿದೆಯೋ, ಸಹಕಾರಿ ಸೊಸೈಟಿಯ ಸಾಲದ ಬೋಜಾ ಮೊದಲೇ ಏರಿದೆಯೋ, ಬೋರಿನಲ್ಲಿ ನೀರು ಇದೆಯೋ ಬತ್ತಿದೆಯೋ. ಕಂತು ಕಟ್ಟುವುದು ಬೆಳೆಯ ದುಡ್ಡಿನಿಂದ. ಹೊಲ ಮಾರಿಸಿ ವಸೂಲು ಮಾಡುವ ಸ್ಥಿತಿ ಬಂದರೆ ಸಾಲ ಕೊಟ್ಟವರೂ ಸೋತಂತೆಯೇ. ಹೇಳುತ್ತಾ ಹೋದೆ. ಸಾಲಿನ ಹಿಂದಿನಿಂದ ಗೊಣಗಾಟ ಶುರುವಾಯಿತು. ತಾಯಿ ಮಗಳ ಸೆರಗು ಎಳೆದು "ನನ್ನ ಎರಡು ಸಾವಿರ ಏನಾಯಿತು ಕೇಳು" ಎಂದರು. ಆಧಾರ್ ಜೋಡಣೆ ಕೊನೆಯದಾಗಿ ಯಾವ ಖಾತೆಗೆ ಆಗಿದೆಯೋ ಆ ಖಾತೆಗೆ ಸರ್ಕಾರದ ದುಡ್ಡು ಹೋಗುತ್ತದೆ. ಹುಡುಗಿಯೇ ತನ್ನ ಮೊಬೈಲಿನಲ್ಲಿ ಆಧಾರ್ ತಾಣ ತೆರೆದು ನೋಡಿದಳು: ಯಾವುದೋ ಶಿಬಿರದಲ್ಲಿ ತೆರೆಸಿ ಮರೆತಿದ್ದ ಬೇರೆ ಬ್ಯಾಂಕಿನ ಖಾತೆ.

ಅಷ್ಟು ಹೊತ್ತಿಗೆ ನಾನು ಕರಗಿದ್ದೆ. ಎಲ್ಲರೂ ನನ್ನನ್ನು ಕೇಳುವುದನ್ನು ನಾನೇ ಅವಳನ್ನು ಕೇಳಿದೆ: "ಬ್ಯಾಂಕ್ ಪರೀಕ್ಷೆ ಬರೆಯುತ್ತೀಯಾ? ಅರ್ಜಿ ಯಾವಾಗ ಬರುತ್ತದೆ ಎಂದು ಹೇಳಲೇ?"

"ಇಲ್ಲ ಮೇಡಂ, ನನಗೆ ನೌಕರಿ ಬೇಡ. ನಿಂಬೆಹಣ್ಣಿನ ವ್ಯಾಪಾರ ಮಾಡಬೇಕೆಂದಿದ್ದೇನೆ. ನಿಮ್ಮ ಹತ್ತಿರ ಸಾಲ ಕೇಳುವವಳಿದ್ದೇನೆ, ಅದಕ್ಕೇ ಕೇಳಿದೆ."

ಡ್ರಾಯರ್ ತೆರೆದು ಸಣ್ಣ ವ್ಯಾಪಾರದ ಸಾಲಕ್ಕಿರುವ ಮುದ್ರಾ ಯೋಜನೆಯ ಅರ್ಜಿ ಕೊಟ್ಟೆ. ಶಿಶು ವರ್ಗದಲ್ಲಿ ಐವತ್ತು ಸಾವಿರದವರೆಗೆ ಇದೆ, ಮೊದಲು ಅಲ್ಲಿಂದ ಶುರು ಮಾಡು ಎಂದೆ. ಯಾರಿಂದ ಕೊಳ್ಳುತ್ತೀ, ಎಲ್ಲಿಗೆ ಕಳಿಸುತ್ತೀ, ಹಾಕಿದ ದುಡ್ಡು ಎಷ್ಟು ದಿನಕ್ಕೆ ಮರಳುತ್ತದೆ, ದರ ಬಿದ್ದ ತಿಂಗಳು ಕಂತು ಎಲ್ಲಿಂದ ಕಟ್ಟುತ್ತೀ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬಾ ಎಂದೂ ಹೇಳಿದೆ. "ದರ ಬಿದ್ದಾಗ ಉಪ್ಪಿನಕಾಯಿಯವರಿಗೆ ಕೊಡುತ್ತೇನೆ" ಎಂದು ಅಲ್ಲೇ ಉತ್ತರ ಶುರು ಮಾಡಿದಳು. ಬರೆದುಕೊಂಡು ಬಾ ಎಂದು ಸಾಲಿನಲ್ಲಿದ್ದ ಮುಂದಿನವರನ್ನು ಕರೆದೆ.