ಶಾಫ್ಟ್ ಲೀನ್ ಎಷ್ಟಿರಬೇಕು? ಫೋನ್ ಬಿಡಿ, ನೆಲ ನೋಡಿ

ಹೊಸೂರು ಕಡೆ ಗಾಲ್ಫ್ ಆಡೋ ನಮ್ಮ ಗುಂಪಲ್ಲಿ ಈಗ ಎಲ್ಲರ ಬಾಯಲ್ಲೂ ಒಂದೇ ಮಾತು, ಶಾಫ್ಟ್ ಲೀನ್. ಬಾಲ್‌ಗೆ ಏಟು ಬೀಳೋ ಹೊತ್ತಿಗೆ ಕೈ ಕ್ಲಬ್‌ಹೆಡ್‌ಗಿಂತ (ಬಾಲ್ ಹೊಡೆಯೋ ತಲೆಭಾಗಕ್ಕಿಂತ) ಎಷ್ಟು ಮುಂದಿತ್ತು, ಶಾಫ್ಟ್ ಅಂದ್ರೆ ಕ್ಲಬ್ಬಿನ ಕೋಲು ಗುರಿ ಕಡೆಗೆ ಎಷ್ಟು ವಾಲಿತ್ತು ಅನ್ನೋದು. ಎಷ್ಟು ಡಿಗ್ರಿ ಬೇಕು ಹೇಳಿ ಅಂತ ಹೊಸಬರು ಕೇಳ್ತಾರೆ. ನನ್ನ ಪ್ರಕಾರ ಆ ಪ್ರಶ್ನೆಗೆ ಎಲ್ಲರಿಗೂ ಹೊಂದೋ ಒಂದು ನಂಬರ್ ಇಲ್ಲ, ನಿಮ್ಮ ಗ್ರಿಪ್ಪು (ಕ್ಲಬ್ ಹಿಡಿಯೋ ರೀತಿ), ನಿಮ್ಮ ಕ್ಲಬ್ಬಿನ ಲಾಫ್ಟು (ಬಾಲ್ ಹೊಡೆಯೋ ಮುಖ ಹಿಂದಕ್ಕೆ ಒರಗಿರೋ ಕೋನ), ನೀವು ನಿಂತಿರೋ ನೆಲ, ಈ ಮೂರೂ ಸೇರಿ ಎಷ್ಟನ್ನ ತಡ್ಕೊಳ್ಳುತ್ತೋ ಅಷ್ಟೇ ನಿಮ್ಮ ಲೀನ್.

ಆದ್ರೂ ಒಂದು ಅಂದಾಜು ಇರ್ಲಿ. ದೊಡ್ಡ ಟೂರ್‌ಗಳಲ್ಲಿ ಆಡೋ ಪ್ರೊಗಳು ಸೆವೆನ್ ಐರನ್ (ಮಧ್ಯಮ ದೂರಕ್ಕೆ ಬಳಸೋ ಕ್ಲಬ್) ಹೊಡೆಯೋವಾಗ ಶಾಫ್ಟ್ ಹೆಚ್ಚುಕಮ್ಮಿ 5ರಿಂದ 10 ಡಿಗ್ರಿ ಮುಂದಕ್ಕೆ ವಾಲಿರುತ್ತೆ. ಹಳೇ ಮಾದರಿ ಸೆವೆನ್ ಐರನ್‌ನ ಲಾಫ್ಟ್ 34 ಡಿಗ್ರಿ ಅಂದ್ಕೊಳ್ಳಿ, 7 ಡಿಗ್ರಿ ವಾಲಿಸಿದ್ರೆ ಬಾಲ್‌ಗೆ ತಾಗೋ ಲಾಫ್ಟ್ ಸುಮಾರು 27 ಆಯ್ತು. ಬಾಲ್ ತಗ್ಗಲ್ಲಿ ಹೊರಡುತ್ತೆ, ಗಟ್ಟಿಯಾಗಿ ಹೊರಡುತ್ತೆ, ದೂರ ಹೋಗುತ್ತೆ. ಈಗಿನ ಐರನ್‌ಗಳಲ್ಲಿ ಕಂಪನಿಯವರೇ ಲಾಫ್ಟ್ ಇಳಿಸಿ 30, 29, ಕೆಲವದ್ರಲ್ಲಿ ಅದಕ್ಕಿಂತಲೂ ಕಮ್ಮಿ ಮಾಡಿರ್ತಾರೆ. ಅಂಥ ಕ್ಲಬ್ ಹಿಡ್ಕೊಂಡು 10 ಡಿಗ್ರಿ ವಾಲಿಸೋಕೆ ಹೋದ್ರೆ, ಸ್ವಿಂಗ್ ಸ್ಪೀಡ್ ಅಷ್ಟಾಗಿ ಇಲ್ಲದವರಿಗೆ ಬಾಲ್ ಮೇಲೇಳೋದೇ ಇಲ್ಲ, ಗ್ರೀನ್ (ಗುಳಿ ಇರೋ ನುಣ್ಣನೆ ಹುಲ್ಲು) ಮೇಲೆ ಬಿದ್ರೂ ನಿಲ್ಲದೆ ಮುಂದಕ್ಕೆ ಓಡಿಹೋಗುತ್ತೆ.

ಇನ್ನು ಫೋನಿನ ವಿಚಾರ, ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ಎಲ್ಲರೂ ಸ್ಲೋ ಮೋಷನ್‌ನಲ್ಲಿ ಸ್ವಿಂಗ್ ರೆಕಾರ್ಡ್ ಮಾಡ್ತಾರೆ, ಒಂದು ಫ್ರೇಮ್ ನಿಲ್ಲಿಸ್ತಾರೆ, ಗೆರೆ ಎಳೀತಾರೆ, ನನ್ನ ಲೀನ್ 4 ಡಿಗ್ರಿ ಅಂತಾರೆ. ಲೆಕ್ಕ ಹಾಕಿ ನೋಡಿ. ಫೋನ್ ಸೆಕೆಂಡಿಗೆ 240 ಫ್ರೇಮ್ ತೆಗೆಯುತ್ತೆ, ಕ್ಲಬ್‌ಹೆಡ್ ಗಂಟೆಗೆ 120 ಕಿ.ಮೀ. ವೇಗದಲ್ಲಿ ಬರ್ತಿದ್ರೆ ಒಂದು ಫ್ರೇಮಿಂದ ಇನ್ನೊಂದಕ್ಕೆ ಅದು ಸುಮಾರು 14 ಸೆಂಟಿಮೀಟರ್ ಮುಂದೆ ಹೋಗಿರುತ್ತೆ, ಅಷ್ಟರಲ್ಲಿ ಶಾಫ್ಟಿನ ವಾಲಿಕೆಯೇ 6-7 ಡಿಗ್ರಿ ಬದಲಾಗಿರುತ್ತೆ. ಅಂದ್ರೆ ನೀವು ನಿಲ್ಲಿಸಿದ ಫ್ರೇಮ್ ಏಟಿಗಿಂತ ಒಂದು ಹಿಂದಿನದಾದ್ರೆ ಲೀನ್ ಚೆನ್ನಾಗೇ ಇದೆ ಅನ್ಸುತ್ತೆ, ಒಂದು ಮುಂದಿನದಾದ್ರೆ ಲೀನೇ ಇಲ್ಲ ಅನ್ಸುತ್ತೆ, ಸ್ವಿಂಗ್ ಮಾತ್ರ ಅದೇ! ಬಾಲ್ ಮತ್ತು ಕ್ಲಬ್ ಅಂಟ್ಕೊಂಡಿರೋದು ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲು ಹೊತ್ತು, ಅದು ಫೋನಿಗೆ ಸಿಗೋದು ಅಪರೂಪ. ಸಾಲದ್ದಕ್ಕೆ ಫೋನ್ ಕ್ಯಾಮೆರಾ ಚಿತ್ರವನ್ನ ಒಂದೇ ಸಲ ಹಿಡಿಯಲ್ಲ, ಸಾಲು ಸಾಲಾಗಿ ಓದುತ್ತೆ, ಅದಕ್ಕೇ ವೀಡಿಯೋದಲ್ಲಿ ಶಾಫ್ಟ್ ಬಗ್ಗಿದ ಹಾಗೆ ಕಾಣೋದು. ನಿಜವಾಗ್ಲೂ ಶಾಫ್ಟ್ ಏಟಿಗೆ ಮುಂಚೆ ಒಂಚೂರು ಮುಂದಕ್ಕೆ ಬಾಗಿರುತ್ತೆ, ಅದು ಬೇರೆ ಮಾತು. ಕ್ಯಾಮೆರಾ ಒಂದೆರಡು ಅಡಿ ಆಚೀಚೆ ಇಟ್ರೂ ಕೋನ ಬದಲಾಗುತ್ತೆ. ಹಾಗಾಗಿ ವೀಡಿಯೋ ನೋಡಿ, ಬೇಡ ಅನ್ನಲ್ಲ, ಭುಜ ಹೇಗಿದೆ, ತೂಕ ಎಡಗಾಲಿಗೆ ಬಂತಾ ಅಂತ ನೋಡೋಕೆ ಒಳ್ಳೇದು. ಡಿಗ್ರಿ ಅಳೆಯೋಕೆ ಅದನ್ನ ನಂಬ್ಬೇಡಿ.

ನಂಬ್ಬೇಕಾದ್ದು ನೆಲವನ್ನ. ಪ್ರಾಕ್ಟೀಸ್‌ಗೆ ಹುಲ್ಲಿನ ಜಾಗ ಸಿಕ್ಕಿದ್ರೆ ರಂಗೋಲಿ ಪುಡಿಯಲ್ಲಿ ಗುರಿಗೆ ಅಡ್ಡವಾಗಿ ಒಂದು ಗೆರೆ ಎಳೀರಿ, ಗೆರೆ ಮೇಲೆ ಬಾಲ್ ಇಡಿ, ಹೊಡೀರಿ. ಡಿವಟ್, ಅಂದ್ರೆ ಕ್ಲಬ್ ನೆಲದಲ್ಲಿ ಕೆತ್ತೋ ಗುಂಡಿ, ಗೆರೆಯಿಂದ ಗುರಿ ಕಡೆಗೆ ಶುರುವಾಗಿದೆಯಾ? ಹಾಗಿದ್ರೆ ಕೈ ಮುಂದಿತ್ತು, ಕ್ಲಬ್ ಬಾಲ್ ದಾಟಿದ ಮೇಲೇ ನೆಲ ಮುಟ್ಟಿದೆ, ಇದು ಸರಿ. ಗೆರೆ ಹಿಂದೆ ಮಣ್ಣು ಎದ್ದಿದ್ರೆ ತೂಕ ಬಲಗಾಲಲ್ಲೇ ಉಳಿದಿದೆ, ಇಲ್ಲ ಮಣಿಕಟ್ಟು ಬೇಗ ಬಿಚ್ಚಿದೆ. ಡಿವಟ್ ಗೆರೆಯ ಮುಂದೆಯೇ ಇದ್ದು ಮಣ್ಣು ದಪ್ಪ ಹೆಂಟೆಯಾಗಿ ಎದ್ದು, ಬಾಲ್ ತಗ್ಗಲ್ಲೇ ಬಲಕ್ಕೆ ಹೋಯ್ತು ಅಂದ್ರೆ ಲೀನ್ ಜಾಸ್ತಿಯಾಗಿದೆ. ಪ್ರಾಕ್ಟೀಸ್ ರೇಂಜಿನ ಪ್ಲಾಸ್ಟಿಕ್ ಹುಲ್ಲಿನ ಮ್ಯಾಟ್ ಮೇಲೆ ಇದ್ಯಾವುದೂ ಗೊತ್ತಾಗಲ್ಲ, ಹಿಂದೆ ಬಿದ್ದ ಕ್ಲಬ್ಬೂ ಜಾರ್ಕೊಂಡು ಹೋಗಿ ಬಾಲ್‌ನ ಚೆನ್ನಾಗೇ ಹೊಡೆದ್ಬಿಡುತ್ತೆ.

ನಮ್ಮ ಕಡೆ ಕೆಂಪು ಮಣ್ಣು ಬೇರೆ. ಏಪ್ರಿಲ್‌ನಲ್ಲಿ ಕಲ್ಲಾಗಿರುತ್ತೆ, ಡಿವಟ್ ಅಂದ್ರೆ ಬರೀ ಒಂದು ಗೀರು. ಸೆಪ್ಟೆಂಬರ್-ಅಕ್ಟೋಬರ್ ಮಳೆಗೆ ಮೆತ್ತಗಾದಾಗ ಅದೇ ಸ್ವಿಂಗ್ ಅಂಗೈ ಅಗಲ ಹೆಂಟೆ ಕಿತ್ತುಹಾಕುತ್ತೆ. ಒಣ ನೆಲದಲ್ಲಿ ಲೀನ್ ಇದ್ರೆ ಬಾಲ್ ಮೊದಲು ತಾಗುತ್ತೆ, ಬಚಾವ್, ಒದ್ದೆಯಲ್ಲಿ ಅಷ್ಟೇ ಲೀನ್ ಇಟ್ರೆ ಕ್ಲಬ್ ಹೂತ್ಕೊಳ್ಳುತ್ತೆ. ಅದಕ್ಕೇ ಮಳೆ ಬಂದ ಮೇಲೆ ನಾನು ಒಂದು ಕ್ಲಬ್ ದೊಡ್ಡದು (ಇನ್ನಷ್ಟು ದೂರ ಹೊಡೆಯೋದು) ತಗೊಂಡು ಮೆಲ್ಲಗೆ ಸ್ವಿಂಗ್ ಮಾಡ್ತೀನಿ.

ಲೀನ್ ಬರೋದು ಹೇಗೆ ಅನ್ನೋದೇ ಇದರಲ್ಲಿ ಮುಖ್ಯ. ನಾನು ಹೋಗೋ ಕಡೆ ಒಬ್ರು ಹಿರಿ ಕ್ಯಾಡಿ (ಆಟಗಾರರ ಬ್ಯಾಗ್ ಹೊರೋರು) ಇದ್ದಾರೆ, ಕನ್ನಡ, ತಮಿಳು, ತೆಲುಗು ಮೂರೂ ಕಲಸಿ ಮಾತಾಡ್ತಾರೆ, ನಾವು ಅಣ್ಣ ಅಂತೀವಿ. ಅವರು ಹೇಳೋದು ಇಷ್ಟೇ: "ಸಾರ್, ಕೈ ತಳ್ಳಕ್ಕೋಗ್ಬೇಡಿ. ಎಡಗಾಲ್ ಮೇಲೆ ಬನ್ನಿ, ಹೊಟ್ಟೆ ತಿರುಗ್ಲಿ, ಕೈ ತಾನಾಗೇ ಮುಂದಕ್ ಬತ್ತದೆ." ಕೋರ್ಸಲ್ಲಿ ಬೆಳೆದವರ ಕಣ್ಣಿಗೆ ನಾನು ತುಂಬಾ ಬೆಲೆ ಕೊಡ್ತೀನಿ, ಬೆಂಗಳೂರಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ನೇ ಗೆದ್ರು.

ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ಮೊದಲು ಕ್ಲಬ್‌ಫೇಸ್ ನೋಡ್ಕೊಳ್ಳಿ. ಕೆಳಗೆ ಬರೋವಾಗ ಫೇಸ್ (ಬಾಲ್ ಹೊಡೆಯೋ ಮುಖ) ಬಲಕ್ಕೆ ತೆರೆದಿದ್ರೆ ಮೈ ತಾನೇ ಎಚ್ಚೆತ್ತು ಕೊನೇ ಗಳಿಗೆಯಲ್ಲಿ ಮಣಿಕಟ್ಟು ತಿರುವಿ ಸರಿ ಮಾಡುತ್ತೆ, ಅಲ್ಲೇ ಲೀನ್ ಹೋಯ್ತು. ಎಡಗೈ ಸ್ವಲ್ಪ ಬಲಕ್ಕೆ ತಿರುಗಿಸಿ ಹಿಡಿದು ಸ್ಟ್ರಾಂಗ್ ಗ್ರಿಪ್ ಮಾಡ್ಕೊಂಡವರಿಗೆ ಜಾಸ್ತಿ ಲೀನ್ ಆರಾಮಾಗಿ ಬರುತ್ತೆ. ವೀಕ್ ಗ್ರಿಪ್‌ನವರು (ಎಡಗೈ ಎಡಕ್ಕೆ ತಿರುಗಿಸಿ ಹಿಡಿಯೋರು) ಅವರನ್ನ ನೋಡಿ ಕೈ ಮುಂದೆ ಎಳೆದ್ರೆ ಬಾಲ್ ಬಲಗಡೆ ಮರದೊಳಗೆ.

ಚಿಪ್ (ಗ್ರೀನ್ ಹತ್ರದಿಂದ ಹೊಡೆಯೋ ಚಿಕ್ಕ ಏಟು) ಮಾಡೋವಾಗ ಇನ್ನೂ ಹುಷಾರಾಗಿರಿ. ವೆಜ್‌ನ (ಲಾಫ್ಟ್ ಜಾಸ್ತಿ ಇರೋ ಕ್ಲಬ್ಬಿನ) ಅಡಿಯಲ್ಲಿ ಬೌನ್ಸ್ ಅಂತ ಒಂದು ಕೋನ ಇರುತ್ತೆ, ನೆಲದ ಮೇಲೆ ಜಾರಲಿ ಅಂತಾನೇ ಕೊಟ್ಟಿರೋದು. ಗುದ್ದಲಿ ಅಂಚು ನೆಟ್ಟಗೆ ಬಿದ್ರೆ ಮಣ್ಣಲ್ಲಿ ಕಚ್ಕೊಳ್ಳುತ್ತೆ, ಮಲಗಿಸಿ ಎಳೆದ್ರೆ ಮೇಲಷ್ಟೇ ಕೆರೆಯುತ್ತೆ, ಇಲ್ಲೂ ಅದೇ. 10 ಡಿಗ್ರಿ ಬೌನ್ಸ್ ಇರೋ ವೆಜ್‌ನ 10 ಡಿಗ್ರಿ ವಾಲಿಸಿದ್ರೆ ಬೌನ್ಸ್ ಲೆಕ್ಕದಲ್ಲಿ ಸೊನ್ನೆ, ಲೀಡಿಂಗ್ ಎಡ್ಜ್ (ಮುಂದಿನ ಅಂಚು) ನೇರ ಮಣ್ಣಿಗೆ. ಮಾಮೂಲಿ ಚಿಪ್‌ಗೆ ಕೈ ಬಾಲ್‌ಗಿಂತ ಒಂಚೂರು ಮುಂದಿದ್ರೆ ಸಾಕು. ಡ್ರೈವರ್‌ಗಂತೂ ಲೀನ್ ಚಿಂತೆ ಬೇಡ, ಎಲ್ಲಕ್ಕಿಂತ ಉದ್ದದ ಆ ಕ್ಲಬ್ಬಿಗೆ ಬಾಲ್ ಟೀ (ಚಿಕ್ಕ ಗೂಟ) ಮೇಲಿರುತ್ತೆ, ಎಡಗಾಲಿನ ಹತ್ರ ಇರುತ್ತೆ, ಶಾಫ್ಟ್ ಹೆಚ್ಚುಕಮ್ಮಿ ನೆಟ್ಟಗಿರ್ಲಿ.

ಊಟಿ ಜಿಮ್‌ಖಾನಾದಲ್ಲಿ ಆಡೋಕೆ ಹೋಗೋರಿಗೆ ಒಂದು ಮಾತು. ಊಟಿ ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಮೇಲಿದೆ, ಗಾಳಿ ತೆಳು, ಬಾಲ್‌ನ ತಡೆಯೋದೂ ಕಮ್ಮಿ, ಎತ್ತೋದೂ ಕಮ್ಮಿ. ದೂರ ಸಿಗುತ್ತೆ, ಆದ್ರೆ ಚಪ್ಪಟೆಯಾಗಿ ಹೋಗಿ ಬೀಳುತ್ತೆ. ಅಲ್ಲಿ ಲೀನ್ ಜಾಸ್ತಿ ಮಾಡಿ ದೂರ ಹುಡುಕೋದ್ರಲ್ಲಿ ಅರ್ಥ ಇಲ್ಲ, ಒಂದು ಚಿಕ್ಕ ಕ್ಲಬ್ (ಲಾಫ್ಟ್ ಜಾಸ್ತಿ ಇರೋದು) ತಗೊಳ್ಳಿ, ಬಾಲ್‌ನ ಅರ್ಧ ಬಾಲ್‌ನಷ್ಟು ಮುಂದಿಡಿ, ಲಾಫ್ಟ್‌ನ ಅದರ ಪಾಡಿಗೆ ಬಿಡಿ, ಎತ್ತರ ಹೋಗಿ ಗ್ರೀನ್ ಮೇಲೆ ನಿಲ್ಲುತ್ತೆ.