ದಿ ಪ್ಲೇನ್ಸ್‌ನಲ್ಲಿ ಒಂದು ಶುಕ್ರವಾರ ರಾತ್ರಿ

ಅಮೆರಿಕದ ಓಹಿಯೋ ರಾಜ್ಯದ ಕೊಲಂಬಸ್ಸಿನಿಂದ ಆಗ್ನೇಯ ದಿಕ್ಕಿಗೆ 33ನೆಯ ಹೆದ್ದಾರಿ ಹಿಡಿದು ಸುಮಾರು 75 ಮೈಲಿ ಸಾಗಿದರೆ ಅಥೆನ್ಸ್ ಸಿಗುತ್ತದೆ. ಲ್ಯಾಂಕಾಸ್ಟರ್ ದಾಟುವವರೆಗೆ ಎರಡೂ ಬದಿಗೆ ಮೆಕ್ಕೆಜೋಳ ಮತ್ತು ಸೋಯಾ ಅವರೆಯ ಚಪ್ಪಟೆ ಹೊಲಗಳು. ಆಮೇಲೆ ನೆಲವು ಮಡಿಕೆ ಮಡಿಕೆಯಾಗಿ ಏಳತೊಡಗಿ, ಅಪಲಾಚಿಯನ್ ಬೆಟ್ಟಗಳ ಸೆರಗು ಶುರುವಾಗುತ್ತದೆ. ನನ್ನ ತಂಗಿಯ ಮಗ ಅಲ್ಲಿನ ಓಹಿಯೋ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿರುವುದರಿಂದ, ಅವನನ್ನು ಕಂಡು ಬರೋಣವೆಂದು ಸೆಪ್ಟೆಂಬರಿನಲ್ಲಿ ಹೋಗಿದ್ದೆನೇ ಹೊರತು ಆಟ ನೋಡುವ ಉದ್ದೇಶ ನನಗಿರಲಿಲ್ಲ. ಕೈಯಲ್ಲೇ ಹೆಚ್ಚಾಗಿ ಆಡುವ ಆಟಕ್ಕೆ ಫುಟ್‌ಬಾಲ್ ಎಂದು ಹೆಸರಿಟ್ಟವರ ಬಗ್ಗೆ ನನಗೆ ಮೊದಲಿನಿಂದಲೂ ಅಸಡ್ಡೆ. ಹತ್ತು ಸೆಕೆಂಡು ಗುದ್ದಾಟ, ಅರ್ಧ ನಿಮಿಷ ಸಮಾಲೋಚನೆ. ಇದೆಂಥ ಆಟ ಎಂದುಕೊಂಡವನು ನಾನು.

ಕೊಲಂಬಸ್ಸಿನಲ್ಲಿ ಕಳೆದ ಎರಡು ದಿನಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಕುದುರೆ ಲಾಳದಾಕಾರದ ಕ್ರೀಡಾಂಗಣವನ್ನು ಹೊರಗಿನಿಂದ ನೋಡಿದೆವು. ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುವ ಆ ಕಟ್ಟಡದ ಮುಂದೆ ನಿಂತು ನನ್ನ ಸೋದರಳಿಯ, "ಮಾವ, ಇಲ್ಲಿ ಮೂರು ವರ್ಷ ಇದ್ದು, ಒಂದು ಪಂದ್ಯವನ್ನೂ ಮೊದಲಿನಿಂದ ಆಡಲು ಸಿಗದೆ ಹೋದವನ ಊರಿಗೆ ನಾಳೆ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ" ಎಂದ. ಗೆದ್ದವನ ಊರು ಎನ್ನುವ ಬದಲು ಬೆಂಚಿನ ಮೇಲೆ ಕೂತವನ ಊರು ಎಂದಿದ್ದರಿಂದಲೇ ನನಗೆ ಸ್ವಲ್ಪ ಕುತೂಹಲ ಹುಟ್ಟಿತು.

ಅವನು ಹೇಳಿದ್ದು ಜೋ ಬರೋ ಎಂಬ ಕ್ವಾರ್ಟರ್‌ಬ್ಯಾಕ್‌ನ ಬಗ್ಗೆ. ತಂಡದ ಪ್ರತಿಯೊಂದು ದಾಳಿಯಲ್ಲೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್‌ನ ಕೈಗೆ. ಮೇಲೆ ಬೀಳಲು ಬರುತ್ತಿರುವ ಎದುರಾಳಿಗಳ ನಡುವೆ ಎರಡು ಮೂರು ಸೆಕೆಂಡುಗಳಲ್ಲಿ ಅದನ್ನು ಯಾರಿಗೆ ಎಸೆಯಬೇಕು, ಎಸೆಯಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವನು ಅವನು. ನಾಲ್ಕು ಯತ್ನಗಳಲ್ಲಿ 10 ಗಜ ಮುಂದೆ ಸಾಗದಿದ್ದರೆ ಚೆಂಡು ಎದುರಾಳಿಗೆ ಹೋಗುತ್ತದೆ. ಇಷ್ಟು ತಿಳಿದುಕೊಂಡರೆ ಉಳಿದದ್ದು ನೋಡುತ್ತಾ ತಿಳಿಯುತ್ತದೆ.

ಅಥೆನ್ಸ್ ಚೊಕ್ಕವಾದ ಊರು. ಇಟ್ಟಿಗೆ ಹಾಸಿದ ಕೋರ್ಟ್ ಸ್ಟ್ರೀಟ್, 1804ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ, ಹಾಕಿಂಗ್ ನದಿ. ಇವೆಲ್ಲ ಚೆನ್ನಾಗಿಯೇ ಇವೆ. ಆದರೆ ಅಲ್ಲಿ ನನಗೆ ನಿಜವಾಗಿ ಹಿಡಿಸಿದ್ದು ಪಾಪಾ ಎಂಬ ಹಣ್ಣು. ಅದು ನಮ್ಮ ಸೀತಾಫಲದ ಕುಟುಂಬಕ್ಕೇ ಸೇರಿದ ಗಿಡದ ಹಣ್ಣು. ಆದರೂ ಮೈಮೇಲೆ ಕಣ್ಣುಗಳಿಲ್ಲ, ಸಣ್ಣ ಮಾವಿನಂತೆ ನುಣ್ಣಗಿರುತ್ತದೆ. ಸಂತೆಯಲ್ಲಿ ಒಂದನ್ನು ಕೊಂಡು ಸೀಳಿದೆ. ಹಳದಿ ತಿರುಳು, ಸಾಲಾಗಿ ಕೂತ ಹುರುಳಿಕಾಯಿ ಬೀಜದಂಥ ಕಪ್ಪು ಬೀಜಗಳು, ಬಾಳೆಹಣ್ಣೂ ಸೀತಾಫಲವೂ ಕೂಡಿದಂಥ ರುಚಿ. ಎರಡು ದಿನಕ್ಕೇ ಕಪ್ಪಾಗುವುದರಿಂದ ಅದು ದೊಡ್ಡ ಅಂಗಡಿಗಳಿಗೆ ಹೋಗುವುದಿಲ್ಲವಂತೆ. ಹೋಗದಿರುವುದೇ ಒಳ್ಳೆಯದು.

ಶುಕ್ರವಾರ ಸಂಜೆ ಸೋದರಳಿಯ ನನ್ನನ್ನು ಐದಾರು ಮೈಲಿ ದೂರದ ದಿ ಪ್ಲೇನ್ಸ್ ಎಂಬ ಸಣ್ಣ ಊರಿಗೆ ಕರೆದೊಯ್ದು, ಅಥೆನ್ಸ್ ಹೈಸ್ಕೂಲಿನ ಮೈದಾನದ ಮುಂದೆ ಇಳಿಸಿ, ಪ್ರಯೋಗಾಲಯದಲ್ಲಿ ಕೆಲಸವಿದೆಯೆಂದು ಹೊರಟುಹೋದ. ಗುಡ್ಡಗಾಡಿನ ನಡುವೆ ಸಿಕ್ಕ ಸಮತಟ್ಟಾದ ನೆಲವಾದ್ದರಿಂದ ಊರಿಗೆ ಆ ಹೆಸರು. ಎರಡು ಸಾವಿರ ವರ್ಷಕ್ಕೂ ಹಿಂದಿನ ಅಡೀನಾ ಎಂಬ ಮೂಲನಿವಾಸಿ ಜನರ ಮಣ್ಣಿನ ಸಮಾಧಿ ದಿಬ್ಬಗಳು ಮನೆಗಳ ಪಕ್ಕದಲ್ಲೇ ಹುಲ್ಲು ಹೊದ್ದು ಕೂತಿವೆ. ಸುತ್ತಲಿನ ಕಣಿವೆಗಳು ಒಂದು ಕಾಲದಲ್ಲಿ ಕಲ್ಲಿದ್ದಲಿನಿಂದ ಬದುಕಿದವು. ಹತ್ತಿರದ ಮಿಲ್‌ಫೀಲ್ಡಿನ ಗಣಿಯಲ್ಲಿ 1930ರ ನವೆಂಬರಿನಲ್ಲಿ ಸ್ಫೋಟವಾಗಿ 82 ಜನ ಸತ್ತರು. ಗಣಿಗಳು ಮುಚ್ಚಿದ ಮೇಲೆ ಆ ಪ್ರದೇಶದಲ್ಲಿ ಬಡತನ ಉಳಿಯಿತು. ಮೈದಾನಕ್ಕೆ 2019ರ ಡಿಸೆಂಬರಿನಿಂದ ಜೋ ಬರೋ ಹೆಸರಿದೆ. ಆಗ ಅವನಿಗೆ 23 ವರ್ಷ.

ಬದುಕಿರುವ, ಅದೂ ಮೀಸೆ ಸರಿಯಾಗಿ ಬಲಿಯದ ಹುಡುಗನ ಹೆಸರನ್ನು ಮೈದಾನಕ್ಕೆ ಇಡುವುದು ನನಗೆ ಅತಿಯೆನಿಸಿತ್ತು. ಅದನ್ನು ಪಕ್ಕದ ಆಸನದ ಹೆಂಗಸಿಗೆ ಹೇಳಿಯೂ ಬಿಟ್ಟೆ.

ಆಕೆ ನನ್ನನ್ನು ಮಾತಾಡಿಸಲು ಕಾರಣ ನಾನು ತಪ್ಪು ಹೊತ್ತಿನಲ್ಲಿ ಚಪ್ಪಾಳೆ ತಟ್ಟಿದ್ದು. ಎದುರಾಳಿ ತಂಡದ ಹುಡುಗನೊಬ್ಬ ಚೆಂಡು ಹಿಡಿದು ಚೆನ್ನಾಗಿ ಓಡಿದನೆಂದು ನಾನು ಮೆಚ್ಚಿಕೊಂಡಿದ್ದೆ. ಹಸಿರು ಬಣ್ಣದ ಅಂಗಿ ತೊಟ್ಟ ನೂರಾರು ಜನರ ನಡುವೆ ನನ್ನೊಬ್ಬನದೇ ಚಪ್ಪಾಳೆ ಕೇಳಿಸಿತು. "ಹನಿ, ಅವರು ನಮ್ಮವರಲ್ಲ" ಎಂದರು ಆಕೆ, ನಗುತ್ತಾ. ಅಪರಿಚಿತರನ್ನೂ ‘ಹನಿ’ ಎಂದು ಕರೆಯುವುದು ಆ ಸೀಮೆಯ ವಾಡಿಕೆ. ಅರವತ್ತು ದಾಟಿದ ನನ್ನನ್ನು ಅಷ್ಟು ಸಣ್ಣದಾಗಿ ಕರೆದವರು ಬೇರೆ ಯಾರೂ ಇಲ್ಲ. ಎಪ್ಪತ್ತರ ಆಸುಪಾಸಿನ ಆಕೆ ಅದೇ ಕೌಂಟಿಯ, ಅಂದರೆ ಜಿಲ್ಲೆಯ, ಹಳ್ಳಿಶಾಲೆಯೊಂದರ ಅಡುಗೆಮನೆಯಲ್ಲಿ 22 ವರ್ಷ ಕೆಲಸ ಮಾಡಿ ನಿವೃತ್ತರಾದವರು. ಮೊಮ್ಮಗ ವಾದ್ಯವೃಂದದಲ್ಲಿ ಡ್ರಮ್ ಬಾರಿಸುತ್ತಿದ್ದ. ಆಟಕ್ಕಿಂತ ಅವನ ಮೇಲೆಯೇ ಅವರ ಕಣ್ಣು.

ಜೋ ಹುಟ್ಟಿದ್ದು ಅಲ್ಲಲ್ಲ, 1996ರ ಡಿಸೆಂಬರಿನಲ್ಲಿ ಅಯೋವಾದ ಏಮ್ಸ್ ಎಂಬಲ್ಲಿ. ಫುಟ್‌ಬಾಲ್ ತರಬೇತುದಾರನ ಮನೆಯೆಂದರೆ ವರ್ಗಾವಣೆಯಾಗುತ್ತಲೇ ಇರುವ ಸರ್ಕಾರಿ ನೌಕರನ ಮನೆಯ ಹಾಗೆ. ತಂದೆ ಜಿಮ್ಮಿ ಬರೋ ಅಯೋವಾ, ನೆಬ್ರಾಸ್ಕಾ, ನಾರ್ತ್ ಡಕೋಟಾ ಎಂದು ಸುತ್ತಿ 2005ರಲ್ಲಿ ಓಹಿಯೋ ವಿಶ್ವವಿದ್ಯಾಲಯದ ರಕ್ಷಣಾ ವಿಭಾಗದ ತರಬೇತುದಾರರಾಗಿ ಬಂದಾಗ ಹುಡುಗನಿಗೆ ಎಂಟು ವರ್ಷ. ತಾಯಿ ರಾಬಿನ್ ಪಕ್ಕದ ಕೌಂಟಿಯ ಪ್ರಾಥಮಿಕ ಶಾಲೆಯಲ್ಲಿ ಮುಖ್ಯ ಶಿಕ್ಷಕಿಯಾಗಿದ್ದರು. ಅಪ್ಪನೂ ಇಬ್ಬರು ಅಣ್ಣಂದಿರೂ ನೆಬ್ರಾಸ್ಕಾಕ್ಕೆ ಆಡಿದವರು. ಇವನಿಗೂ ಅಲ್ಲಿಗೇ ಹೋಗುವ ಆಸೆಯಿತ್ತು. ಆದರೆ ನೆಬ್ರಾಸ್ಕಾ ಇವನನ್ನು ಕರೆಯಲಿಲ್ಲ.

"ಅವನು ಬರುವ ಮೊದಲು ಈ ಶಾಲೆ ನಾಕ್‌ಔಟ್ ಹಂತದಲ್ಲಿ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ" ಎಂದರು ಆಕೆ. ಅವನಿದ್ದ ಮೂರು ವರ್ಷಗಳಲ್ಲಿ ಏಳು ಗೆದ್ದಿತು. ಬಾಸ್ಕೆಟ್‌ಬಾಲಿನಲ್ಲೂ ಅವನು ರಾಜ್ಯಮಟ್ಟದ ಆಟಗಾರ. 2014ರ ಒಂದೇ ಋತುವಿನಲ್ಲಿ ಅವನು ಎಸೆದು, ಚೆಂಡನ್ನು ಎದುರಾಳಿಯ ತುದಿಯ ಗೆರೆ ದಾಟಿಸಿ ಗಳಿಸಿಕೊಟ್ಟ ಟಚ್‌ಡೌನ್‌ಗಳು 63; ಆ ವರ್ಷ ಓಹಿಯೋದ ಅತ್ಯುತ್ತಮ ಶಾಲಾ ಆಟಗಾರನೆಂಬ ಪ್ರಶಸ್ತಿ ಅವನದೇ. 14 ಪಂದ್ಯಗಳನ್ನು ಸೋಲದೆ ಆಡಿದ ತಂಡ, ಹಿಂದಿನ ದಿನ ನಾನು ಹೊರಗಿನಿಂದ ನೋಡಿ ಬಂದಿದ್ದ ಅದೇ ಲಾಳದಾಕಾರದ ಕ್ರೀಡಾಂಗಣದಲ್ಲಿ ರಾಜ್ಯದ ಫೈನಲ್ ಆಡಿತು.

"ಆ ದಿನ ಊರಿನಲ್ಲಿ ಕಳ್ಳತನ ಮಾಡಬೇಕೆಂದವನಿಗೆ ಸುಗ್ಗಿ. ಮನೆಯಲ್ಲಿ ಯಾರಿದ್ದರು? ಎಲ್ಲರೂ ಕೊಲಂಬಸ್ಸಿನಲ್ಲಿದ್ದೆವು."

"ಗೆದ್ದಿರಾ?" ಎಂದೆ.

ಆಕೆ ಮೊಮ್ಮಗನಿಂದ ಕಣ್ಣು ತೆಗೆದು ನನ್ನತ್ತ ನೋಡಿದರು. "56–52. ಸೋತೆವು. ಜೋ 446 ಗಜ ಎಸೆದ, ಆರು ಟಚ್‌ಡೌನ್. ಆರು! ಆದರೂ ಸೋತೆವು."

ಹಾಗೆ ಹೇಳುವಾಗ ಬಲಗೈಯ ಐದು ಬೆರಳು, ಎಡಗೈಯ ಹೆಬ್ಬೆರಳು ಎತ್ತಿ ತೋರಿಸಿದರು. ಮಣಿಕಟ್ಟಿನ ಮೇಲೆ ಎಣ್ಣೆ ಸಿಡಿದ ಹಳೆಯ ಕಲೆಗಳಿದ್ದವು. ನೂರಾರು ಮಕ್ಕಳಿಗೆ ಬೇಯಿಸಿದ ಕೈಗಳು ಎಲ್ಲ ದೇಶದಲ್ಲೂ ಒಂದೇ ರೀತಿ ಕಾಣುತ್ತವೆಂದು ಕಾಣುತ್ತದೆ. ಆ ಸೋಲು ಮುಗಿದು ಇಷ್ಟು ವರ್ಷವಾದರೂ ಆಕೆ ನಿನ್ನೆಯದೆಂಬಂತೆ ಹೇಳಿದರು. ಮುಂದೆ ಅವನು ದೇಶಕ್ಕೇ ಚಾಂಪಿಯನ್ ಆದದ್ದನ್ನು ಮಾತ್ರ ಎರಡು ವಾಕ್ಯಗಳಲ್ಲಿ ಮುಗಿಸಿದರು.

ಊರಿನವರ ಬಾಯಲ್ಲಿ ಅವನು ಇಂದಿಗೂ ಏಕವಚನದ ಹುಡುಗನೇ ಆದ್ದರಿಂದ ನಾನೂ ಹಾಗೆಯೇ ಬರೆಯುತ್ತಿದ್ದೇನೆ. ಓಹಿಯೋ ಸ್ಟೇಟ್‌ನಲ್ಲಿ ಅವನ ಮುಂದೆ ಜೆ.ಟಿ. ಬ್ಯಾರೆಟ್ ಎಂಬ ಹಿರಿಯ ಆಟಗಾರನಿದ್ದ, 2017ರಲ್ಲಿ ಎಸೆಯುವ ಕೈಯ ಮೂಳೆಯೇ ಮುರಿದು, ಎರಡನೆಯ ಸ್ಥಾನವೂ ಡ್ವೇನ್ ಹ್ಯಾಸ್ಕಿನ್ಸ್‌ಗೆ ಹೋಯಿತು. ಅಷ್ಟೂ ಕಾಲದಲ್ಲಿ ಅವನಿಗೆ ಎಸೆಯಲು ಸಿಕ್ಕಿದ್ದು 39 ಬಾರಿ. ಹುಡುಗ ಮೂರೇ ವರ್ಷದಲ್ಲಿ ಪದವಿ ಮುಗಿಸಿಕೊಂಡ. ಪದವೀಧರನು ಬೇರೆ ಕಡೆಗೆ ಹೋದರೆ ಒಂದು ವರ್ಷ ಹೊರಗೆ ಕೂರದೆ ತಕ್ಷಣವೇ ಆಡಬಹುದೆಂಬ ನಿಯಮ ಆಗ ಇತ್ತು. ಹಾಗಾಗಿ 2018ರ ಮೇ ತಿಂಗಳಲ್ಲಿ ಅವನು ದಕ್ಷಿಣದ ತುದಿಯ ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೊರಟ. ಓದಿನ ಬಲದಿಂದ ಆಟ ಉಳಿದದ್ದನ್ನು ನಮ್ಮ ಕಡೆಯ ಅಪ್ಪಂದಿರಿಗೆ ಹೇಳಿದರೆ ಸಂತೋಷಪಟ್ಟಾರು.

2019ರಲ್ಲಿ ಅವನು 60 ಟಚ್‌ಡೌನ್ ಎಸೆದ. ಕಾಲೇಜು ಆಟದ ಮೇಲ್ದರ್ಜೆಯಲ್ಲಿ ಅಲ್ಲಿಯವರೆಗೆ ಒಂದೇ ಋತುವಿನಲ್ಲಿ ಯಾರೂ ಅಷ್ಟು ಎಸೆದಿರಲಿಲ್ಲ. ತಂಡ 15ಕ್ಕೆ 15 ಗೆದ್ದಿತು. ಡಿಸೆಂಬರ್ 14ರಂದು ನ್ಯೂಯಾರ್ಕಿನಲ್ಲಿ ಅವನಿಗೆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಸಲ್ಲುವ ಹೈಸ್‌ಮನ್ ಟ್ರೋಫಿ ಕೊಟ್ಟರು, ಆ ಪ್ರಶಸ್ತಿಯ ಇತಿಹಾಸದಲ್ಲೇ ಅತಿದೊಡ್ಡ ಅಂತರದಿಂದ. ಈ ಭಾಗ ಬಂದಾಗ ಆಕೆಯ ದನಿ ತಗ್ಗಿತು. ವೇದಿಕೆಯ ಮೇಲೆ ಅವನು ಅಳುತ್ತಾ, ತಡೆತಡೆದು, ತಾನು ಬಂದ ಆಗ್ನೇಯ ಓಹಿಯೋದಲ್ಲಿ ಬಡತನ ದೇಶದ ಸರಾಸರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಎಂದೂ, ಶಾಲೆ ಮುಗಿಸಿ ಹಸಿದುಕೊಂಡು ಮನೆಗೆ ಹೋಗುವ ಅಥೆನ್ಸ್ ಕೌಂಟಿಯ ಮಕ್ಕಳಿಗಾಗಿ ತಾನು ಅಲ್ಲಿ ನಿಂತಿರುವುದಾಗಿಯೂ, ಅವರೂ ಅಲ್ಲಿಗೆ ಬರಬಲ್ಲರೆಂದೂ ಹೇಳಿದ. ಮಾತು ಅರ್ಧ ನಿಮಿಷದಷ್ಟು.

"ನನ್ನ ತಂಗಿಗೆ ಕೋಪ ಬಂತು" ಎಂದರು ಆಕೆ. "ಇಡೀ ದೇಶದ ಎದುರು ನಮ್ಮ ಮಾನ ತೆಗೆದ ಎಂದಳು. ನಾನು ಅವಳಿಗೆ ಹೇಳಿದೆ: ನೀನು ಶಾಲೆಯ ಅಡುಗೆಮನೆಯಲ್ಲಿ ನಿಂತಿಲ್ಲ. ಶುಕ್ರವಾರ ಮಧ್ಯಾಹ್ನ ಮಕ್ಕಳು ಎರಡನೆಯ ಸಲ ಸಾಲಿಗೆ ಬರುತ್ತಾರೆ. ಬ್ರೆಡ್ಡನ್ನು ಪೇಪರ್ ನ್ಯಾಪ್ಕಿನ್ನಿನಲ್ಲಿ ಸುತ್ತಿ ಕೋಟಿನ ಜೇಬಿಗಿಡುತ್ತಾರೆ. ಯಾಕೆ ಗೊತ್ತೇ? ಶನಿವಾರ ಭಾನುವಾರ ಶಾಲೆ ಇರುವುದಿಲ್ಲ."

ನಾನು ಏನೂ ಹೇಳಲಿಲ್ಲ. ಅಮೆರಿಕದಲ್ಲಿ ಇಂಥ ಮಾತು ಕೇಳುತ್ತೇನೆಂದು ಎಣಿಸಿರಲಿಲ್ಲ. ಬಿಸಿಯೂಟದ ಪಾತ್ರೆಗಳನ್ನು ಹತ್ತಿರದಿಂದ ಕಂಡವನು ನಾನು. ನನ್ನ ಹೆಂಡತಿ ಹಾಸನ ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದಳು. ಸೋಮವಾರ ಬೆಳಿಗ್ಗೆ ಕೆಲವು ಮಕ್ಕಳು ಬೆಲ್ಲಿಗಿಂತ ಮೊದಲೇ ಬಂದು ಅಡುಗೆಮನೆಯ ಬಾಗಿಲ ಬಳಿ ನಿಲ್ಲುತ್ತವೆಂದು ಅವಳು ಹೇಳುತ್ತಿದ್ದಳು. ಅದನ್ನು ಆಕೆಗೆ ಹೇಳಿದೆ. "ಹೌದು, ಸೋಮವಾರ" ಎಂದು ತಲೆಯಾಡಿಸಿದರು, ಅದರಲ್ಲಿ ಅಚ್ಚರಿಯೇನೂ ಇಲ್ಲವೆಂಬಂತೆ.

ಜೋ ವೇದಿಕೆಯ ಮೇಲೆ ಆಡಿದ ಆ ಮಾತಿನ ಮರುದಿನ ಅಥೆನ್ಸಿನಲ್ಲಿ ಓದಿದ ಯುವಕನೊಬ್ಬ ಕೌಂಟಿಯ ಆಹಾರ ಭಂಡಾರಕ್ಕೆಂದು ಅಂತರ್ಜಾಲದಲ್ಲಿ ಚಂದಾ ಎತ್ತತೊಡಗಿದ.  ಬಂದದ್ದು 5 ಲಕ್ಷ ಡಾಲರಿಗೂ ಹೆಚ್ಚು. "ಮೈದಾನಕ್ಕೆ ಹೆಸರಿಟ್ಟದ್ದು ಅತಿ ಎಂದಿರಲ್ಲ" ಎಂದು ಆಕೆ ನನ್ನ ಮಾತನ್ನು ನೆನಪಿಸಿದರು. "ಆ ದುಡ್ಡಿಗಾಗಿಯೂ ಅಲ್ಲ, ಟ್ರೋಫಿಗಾಗಿಯೂ ಅಲ್ಲ. ಇಲ್ಲಿನ ಮಕ್ಕಳ ವಿಷಯ ಅವನಿಗೆ ಗೊತ್ತಿತ್ತು. ಗೊತ್ತಿದ್ದವರು ಬಹಳ ಜನ. ಹೇಳಿದವನು ಅವನು." ಅಷ್ಟರಲ್ಲಿ ಡ್ರಮ್ ಶುರುವಾಗಿ ಮಾತು ನಿಂತಿತು. ಆ ರಾತ್ರಿ ಯಾರು ಗೆದ್ದರೆಂಬುದು ನನಗೆ ನೆನಪಿಲ್ಲ.

ಆಮೇಲಿನದು ನೆನಪಿದೆ. ಫೋನಿನಲ್ಲಿ ಟ್ಯಾಕ್ಸಿ ಕರೆದರೆ ‘ನಾಲ್ಕು ನಿಮಿಷ’ ಎಂದು ತೋರಿಸುತ್ತಾ ತೋರಿಸುತ್ತಾ ನಲವತ್ತು ನಿಮಿಷ ಕಳೆದು, ಕೊನೆಗೆ ಬರುವುದಿಲ್ಲವೆಂದಿತು. ನಾನೇ ರದ್ದು ಮಾಡಿದೆನೆಂದು ಐದು ಡಾಲರ್ ಬೇರೆ ಕಿತ್ತುಕೊಂಡರು. ಸೋದರಳಿಯನ ಫೋನು ಸದ್ದಿಲ್ಲದೆ ಬ್ಯಾಗಿನಲ್ಲಿತ್ತು. ಇಂಥ ಊರುಗಳಿಗೆ ಶುಕ್ರವಾರ ರಾತ್ರಿ ಹೋಗುವವರು ಹಿಂತಿರುಗುವ ಗಾಡಿಯನ್ನು ಹಗಲಲ್ಲೇ ಗೊತ್ತುಮಾಡಿಕೊಳ್ಳಬೇಕು, ಸೆಪ್ಟೆಂಬರಿನಲ್ಲೂ ಸ್ವೆಟರ್ ಒಯ್ಯಬೇಕು. ದೀಪ ಆರಿದ ಮೇಲೆ ಆ ಬೆಟ್ಟಗಳಿಂದ ಇಳಿಯುವ ಚಳಿ ಮೂಳೆಗೆ ತಾಗುತ್ತದೆ. ಕೊನೆಗೆ ಆ ಅಜ್ಜಿಯೇ ಪಿಕಪ್ ಗಾಡಿಯ ಮುಂದಿನ ಆಸನದಲ್ಲಿ ನನ್ನನ್ನೂ, ಡ್ರಮ್ಮನ್ನೂ, ಮೊಮ್ಮಗನನ್ನೂ ತುಂಬಿಕೊಂಡು ಅಥೆನ್ಸಿಗೆ ಬಿಟ್ಟರು. ದುಡ್ಡು ಕೊಡಹೋದಾಗ ಸಿಟ್ಟಾದರು. ಚೀಲದಲ್ಲಿದ್ದ ಎರಡು ಪಾಪಾ ಹಣ್ಣು ಕೊಟ್ಟೆ. ತಮ್ಮ ಹಿತ್ತಿಲಲ್ಲೇ ಮರವಿದೆಯೆಂದು ನಕ್ಕು ತೆಗೆದುಕೊಂಡರು.

ಮುಂದಿನ ವಾರ ಹಳೆಯ ಸಹೋದ್ಯೋಗಿಯ ಮಗಳ ಮನೆಗೆಂದು, ಜೋ ಆಡಿದ ಅದೇ ವಿಶ್ವವಿದ್ಯಾಲಯವಿರುವ ಲೂಯಿಸಿಯಾನದ ಬ್ಯಾಟನ್ ರೂಜ್‌ಗೆ ಹೋಗಬೇಕಾಗಿ ಬಂದದ್ದು ಕಾಕತಾಳೀಯ. ಆ ಊರು ನನಗೆ ಒಗ್ಗಲಿಲ್ಲ. ಬೆವರು, ಸೊಳ್ಳೆ, ಹುರುಳಿ ಬೇಯಿಸಿದರೂ ಅದರೊಳಗೊಂದು ಮಾಂಸದ ತುಂಡು. ಸಕ್ಕರೆಪುಡಿ ಉದುರಿಸಿದ ಬೆನ್ಯೇ ಎಂಬ ಬೋಂಡವೊಂದೇ ನನ್ನನ್ನು ಬದುಕಿಸಿತು. ಟೈಗರ್ ಸ್ಟೇಡಿಯಮ್ಮಿನ ಎದುರಿಗೆ ಮೈಕ್ ಎಂಬ ನಿಜವಾದ ಹುಲಿಯನ್ನೇ ಸಾಕಿದ್ದಾರೆ. ಕೊಳ, ಬಂಡೆ, ಮರ ಎಲ್ಲವೂ ಇವೆ. ಆದರೂ ನಾಗರಹೊಳೆಯಲ್ಲಿ ಹುಲಿಯ ಹೆಜ್ಜೆಗುರುತನ್ನಷ್ಟೇ ಕಂಡು ತೃಪ್ತಿಪಟ್ಟ ನನಗೆ ಆ ಬೇಲಿಯ ಮುಂದೆ ನಿಲ್ಲಲಾಗಲಿಲ್ಲ.

ಹುಲಿಯ ಬಳಿ ಜೋ ತೊಡುತ್ತಿದ್ದ 9ನೆಯ ಸಂಖ್ಯೆಯ ಅಂಗಿ ತೊಟ್ಟ ಒಬ್ಬ ವಿದ್ಯಾರ್ಥಿ ನಿಂತಿದ್ದ. ಬೆನ್ನ ಮೇಲಿನ ಹೆಸರಿನ ಕಾಗುಣಿತ ಮಾತ್ರ ಬೇರೆ. ಲೂಯಿಸಿಯಾನದ ಫ್ರೆಂಚ್ ಮನೆತನಗಳ ಹೆಸರುಗಳ ಕೊನೆಗೆ ಬರುವ ಅಕ್ಷರಗಳನ್ನೇ ಸೇರಿಸಿ, ತವರು ಅಂಗಳದ ಕೊನೆಯ ಪಂದ್ಯದ ದಿನ ಜೋ ಹಾಗೆ ಬರೆಸಿಕೊಂಡು ಮೈದಾನಕ್ಕೆ ಬಂದಿದ್ದನಂತೆ. ಅಂದಿನಿಂದ ಅವನು ತಮ್ಮವನೆಂದು ಊರು ದತ್ತು ತೆಗೆದುಕೊಂಡಿದೆ. ಆ ಹುಡುಗ ಎಲ್ಲವನ್ನೂ ಬಾಯಿಪಾಠ ಒಪ್ಪಿಸಿದ: ಅಲಬಾಮಾ ವಿರುದ್ಧ 46–41, ಒಕ್ಲಹೋಮಾ ಮೇಲೆ ಮೊದಲರ್ಧದಲ್ಲೇ ಏಳು ಟಚ್‌ಡೌನ್, 2020ರ ಜನವರಿ 13ರಂದು ನ್ಯೂ ಆರ್ಲಿಯನ್ಸಿನಲ್ಲಿ ಕ್ಲೆಮ್‌ಸನ್ ಮೇಲೆ 42–25, ಆಮೇಲೆ ಡ್ರೆಸ್ಸಿಂಗ್ ರೂಮಿನಲ್ಲಿ ಸೇದಿದ ಚುಟ್ಟ.

"56–52 ಗೊತ್ತೇ?" ಎಂದು ಕೇಳಿದೆ.

ಅವನು ಸ್ವಲ್ಪ ಹೊತ್ತು ಯೋಚಿಸಿದ. "ಇಲ್ಲ ಸರ್. ಯಾರ ಮೇಲೆ ಗೆದ್ದದ್ದು ಅದು?"

"ಟೊಲೆಡೊ ಸೆಂಟ್ರಲ್ ಕ್ಯಾಥೊಲಿಕ್" ಎಂದೆ. "ಗೆದ್ದದ್ದಲ್ಲ."